ಮನೆಯಲ್ಲೇ ಮಾಡುವ ನಿದ್ರಾ ಪರೀಕ್ಷೆ: ಉಪಕರಣ ಎಷ್ಟು ಕಾಣುತ್ತದೆ, ಪಕ್ಕದಲ್ಲಿ ಮಲಗಿದವರು ಎಷ್ಟು ಕಾಣುತ್ತಾರೆ

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂದರೆ ವೈದ್ಯರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಎಂದು ಕರೆಯುವ ತೊಂದರೆ, ಇದೆಯೇ ಇಲ್ಲವೇ ಎಂದು ತಿಳಿಯಲು ಈಗ ಎಲ್ಲರೂ ಆಸ್ಪತ್ರೆಯಲ್ಲಿ ರಾತ್ರಿ ಕಳೆಯಬೇಕಾಗಿಲ್ಲ. ಅಂಗೈಯಗಲದ ಉಪಕರಣವೊಂದನ್ನು ಮನೆಗೆ ತಲುಪಿಸಿ, ರಾತ್ರಿಯ ಉಸಿರಾಟವನ್ನು ಅದರಲ್ಲಿ ದಾಖಲಿಸಿಕೊಂಡು, ಆಮೇಲೆ ವರದಿ ಕಳುಹಿಸುವ ಸೇವೆಗಳಿವೆ. ಅಂಥದೊಂದು ಸೇವೆಯನ್ನು ನನ್ನ ಪತಿಗಾಗಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಹೇಳುವುದಿಲ್ಲ. ಈ ಬಗೆಯ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಧಾನದಲ್ಲಿ ನಡೆಯುವುದರಿಂದ ಹೆಸರಿಗಿಂತ ವಿಧಾನವನ್ನು ತೂಗಿ ನೋಡುವುದೇ ಓದುವವರಿಗೆ ಹೆಚ್ಚು ಉಪಯೋಗವೆಂದು ನನಗೆ ಅನ್ನಿಸುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಉಪಕರಣ ಚೆನ್ನಾಗಿದೆ. ಅದರ ಜೊತೆಗೆ ಬಂದ ಪ್ರಶ್ನಾವಳಿ ಉಪಕರಣಕ್ಕಿಂತಲೂ ಚೆನ್ನಾಗಿದೆ. ವರದಿ ಮಾತ್ರ ಹೇಳಬೇಕಾದುದರಲ್ಲಿ ಅರ್ಧವನ್ನಷ್ಟೇ ಹೇಳುತ್ತದೆ. ಲಕ್ಷಣಗಳನ್ನು ಸರಿಯಾಗಿ ಗುರುತಿಸಿಕೊಂಡು ಪರೀಕ್ಷೆಗೆ ಹೋದವರಿಗೆ ಈ ಸೇವೆ ಬಹಳ ನೆರವಾಗುತ್ತದೆ. ಲಕ್ಷಣಗಳನ್ನು ಬದಿಗಿಟ್ಟು ಬರೀ ಅಂಕಿಯನ್ನು ನಂಬಿದವರನ್ನು ಇದೇ ಸೇವೆ ದಾರಿ ತಪ್ಪಿಸಲೂಬಹುದು.

ಪರೀಕ್ಷೆ ಏನನ್ನು ಹುಡುಕುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ಮಾತು ಸುಲಭವಾಗುತ್ತದೆ. ನಿದ್ದೆ ಹತ್ತಿದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುವ ಹಾಗೆ ಗಂಟಲಿನ ಸ್ನಾಯುಗಳೂ ಸಡಿಲವಾಗುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ. ಗಂಟಲಿನ ದಾರಿ ಮೊದಲೇ ಇಕ್ಕಟ್ಟಾಗಿರುವವರಲ್ಲಿ ಅದು ಇನ್ನಷ್ಟು ಕಿರಿದಾಗಿ, ಒಳಗೆ ಹೋಗುವ ಗಾಳಿ ಸುತ್ತಲಿನ ಮೆತ್ತನೆಯ ಭಾಗಗಳನ್ನು ಅದುರಿಸುತ್ತದೆ. ಅದು ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಗಾಳಿ ನಿಲ್ಲುತ್ತದೆ, ಆದರೆ ಎದೆ ಮತ್ತು ಹೊಟ್ಟೆ ಉಸಿರೆಳೆದುಕೊಳ್ಳಲು ಪ್ರಯತ್ನಿಸುತ್ತಲೇ ಇರುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಕ್ಷಣ ಎಚ್ಚರಗೊಂಡು ಗಂಟಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಚಕ್ರ. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಮಲಗಿದವರಿಗೆ ಬೆಳಗ್ಗೆ ಅದರ ನೆನಪೇ ಇರುವುದಿಲ್ಲ. ರಾತ್ರಿಯಿಡೀ ನಿದ್ದೆ ಚೂರುಚೂರಾಗಿದ್ದರೂ ಅವರು ಎಂಟು ಗಂಟೆ ಚೆನ್ನಾಗಿ ಮಲಗಿದ್ದೆ ಎಂದು ಮನಃಪೂರ್ವಕವಾಗಿ ಹೇಳುತ್ತಾರೆ. ಈ ಕಾಯಿಲೆ ವರ್ಷಗಟ್ಟಲೆ ಗೊತ್ತಾಗದೆ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ. 2019ರಲ್ಲಿ ದಿ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93.6 ಕೋಟಿ ಜನರಿಗೆ ಸೌಮ್ಯದಿಂದ ತೀವ್ರದವರೆಗಿನ ಯಾವುದೋ ಒಂದು ಮಟ್ಟದಲ್ಲಿ ಈ ತೊಂದರೆಯಿದೆ.

ಸೇವೆಯವರು ಉಪಕರಣ ಕಳುಹಿಸುವ ಮೊದಲು ಎರಡು ಪ್ರಶ್ನಾಪತ್ರಿಕೆಗಳನ್ನು ಕಳುಹಿಸಿದರು. ಒಂದು ಪರೀಕ್ಷೆಗೆ ಒಳಗಾಗುವವರಿಗೆ, ಇನ್ನೊಂದು ಅದೇ ಕೋಣೆಯಲ್ಲಿ ಮಲಗುವವರಿಗೆ. ಈ ಎರಡನೆಯ ಹಾಳೆಯನ್ನು ಪ್ರತ್ಯೇಕವಾಗಿ ಕೊಟ್ಟದ್ದಕ್ಕೆ ಆ ಸೇವೆಯನ್ನು ನಾನು ಮನಸ್ಸಾರೆ ಮೆಚ್ಚುತ್ತೇನೆ. ನಿದ್ದೆಯಲ್ಲಿ ನಡೆಯುವುದನ್ನು ನಿದ್ದೆ ಮಾಡುವವರನ್ನೇ ಕೇಳಿದರೆ ಸಿಗುವ ಉತ್ತರ ಊಹೆಯಷ್ಟೇ. ಪಕ್ಕದಲ್ಲಿ ಎಚ್ಚರವಾಗಿದ್ದವರೇ ಇಲ್ಲಿ ಸಾಕ್ಷಿ.

ಆ ಹಾಳೆಯ ಪ್ರಶ್ನೆಗಳೂ ತೂಕವುಳ್ಳವು. ಗೊರಕೆ ಹೊಡೆಯುತ್ತಾರೆಯೇ ಎಂದು ಕೇಳಿ ಅದು ನಿಲ್ಲಿಸುವುದಿಲ್ಲ. ಗೊರಕೆ ಒಂದೇ ಲಯದಲ್ಲಿ ಸಾಗುತ್ತದೆಯೇ ಅಥವಾ ಏರುತ್ತ ಹೋಗಿ ಇದ್ದಕ್ಕಿದ್ದಂತೆ ನಿಲ್ಲುತ್ತದೆಯೇ, ನಿಂತಾಗ ಎದೆಯೂ ಹೊಟ್ಟೆಯೂ ಅಲುಗಾಡುತ್ತಿರುತ್ತವೆಯೇ, ಮತ್ತೆ ಉಸಿರು ಬರುವಾಗ ಏದುಸಿರಿನ ಅಥವಾ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಸದ್ದಾಗುತ್ತದೆಯೇ, ಅಂಗಾತ ಮಲಗಿದಾಗ ಇದು ಹೆಚ್ಚೇ, ಮಗ್ಗುಲಾದಾಗ ಕಡಿಮೆಯಾಗುತ್ತದೆಯೇ, ಮದ್ಯ ಸೇವಿಸಿದ ಅಥವಾ ನಿದ್ದೆ ಮಾತ್ರೆ ತೆಗೆದುಕೊಂಡ ರಾತ್ರಿ ಹೇಗಿರುತ್ತದೆ ಎಂದೆಲ್ಲ ಅದು ಕೇಳುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ಕೂತವರಿಗೆ ತಾವು ಇದುವರೆಗೆ ಕೇಳಿಸಿಕೊಂಡದ್ದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳಬೇಕು ಎಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. ಗೊರಕೆ ನಿಂತಾಗ ಪಕ್ಕದವರಿಗೆ ನೆಮ್ಮದಿಯೆನಿಸುವುದು ಸಹಜ. ಆದರೆ ಜೋರಾದ ಗೊರಕೆಯ ನಡುವೆ ಬರುವ ಆ ನಿಶ್ಶಬ್ದವೇ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ. ಹತ್ತು ಸೆಕೆಂಡಾದರೂ ಉಸಿರಿನ ಹರಿವು ನಿಂತರೆ ಅದನ್ನು ವೈದ್ಯರು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಹರಿವು ಪೂರ್ತಿ ನಿಲ್ಲದೆ ಗಣನೀಯವಾಗಿ ತಗ್ಗಿ, ಅದರಿಂದ ಆಮ್ಲಜನಕ ಇಳಿದರೆ ಅಥವಾ ಎಚ್ಚರವಾದರೆ ಅದು ಹೈಪಾಪ್ನಿಯಾ. ಹತ್ತು ಸೆಕೆಂಡು ಓದುವಾಗ ಕಿರಿದೆನಿಸುತ್ತದೆ. ಕತ್ತಲಲ್ಲಿ ಪಕ್ಕದವರ ಉಸಿರಿಗಾಗಿ ಕಾಯುವಾಗ ಅದು ಕಿರಿದಲ್ಲ.

ಗೊರಕೆ ಹೊಡೆಯುವವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ ಎಂಬುದನ್ನೂ ಸೇರಿಸಬೇಕು. ಏರಿಳಿತವಿಲ್ಲದ ಗೊರಕೆ, ಹಗಲಿನಲ್ಲಿ ಯಾವ ತೊಂದರೆಯೂ ಇಲ್ಲದಿರುವುದು, ರಕ್ತದೊತ್ತಡ ಸರಿಯಾಗಿರುವುದು, ಇವು ಒಟ್ಟಿಗೆ ಇದ್ದರೆ ಸಾಧ್ಯತೆ ಕಡಿಮೆ. ಹಾಗೆಯೇ ಗೊರಕೆ ಅಷ್ಟೇನೂ ಕೇಳಿಸದಿದ್ದರೂ ಕಾಯಿಲೆ ಇರಬಹುದು.

ಪರೀಕ್ಷೆಗೆ ಒಳಗಾಗುವವರ ಹಾಳೆಯಲ್ಲಿ ವೈದ್ಯಲೋಕದಲ್ಲಿ ಬಳಕೆಯಲ್ಲಿರುವ ಎರಡು ಪ್ರಶ್ನಾವಳಿಗಳನ್ನು ಸೇರಿಸಿದ್ದರು. ಮೊದಲನೆಯದು ಸ್ಟಾಪ್-ಬ್ಯಾಂಗ್. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸೆಸ್ ಚುಂಗ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿ ಹುಟ್ಟಿದ್ದು ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಯಾರಿಗೆ ಉಸಿರುಕಟ್ಟುವ ತೊಂದರೆ ಇರಬಹುದು ಎಂದು ಮೊದಲೇ ತಿಳಿಯುವುದಕ್ಕಾಗಿ. ಜೋರಾದ ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿರುವುದು, ರಕ್ತದೊತ್ತಡ, 35ಕ್ಕಿಂತ ಹೆಚ್ಚಿನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ), 50 ದಾಟಿದ ವಯಸ್ಸು, 40 ಸೆಂಟಿಮೀಟರಿಗಿಂತ ದಪ್ಪನೆಯ ಕತ್ತು, ಗಂಡಸಾಗಿರುವುದು, ಹೀಗೆ ಎಂಟು ಅಂಶಗಳಿಗೆ ಒಂದೊಂದು ಅಂಕ. ಮೂರಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ, ಮೂರು ನಾಲ್ಕು ಬಂದರೆ ಮಧ್ಯಮ, ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚು. ಒಂದು ನಿಮಿಷದಲ್ಲಿ ಮುಗಿಯುವ, ಅಳತೆಪಟ್ಟಿ, ತೂಕದ ಯಂತ್ರಗಳ ಹೊರತು ಬೇರೆ ಸಾಧನ ಬೇಡದ ಈ ಹಾಳೆಯನ್ನು ಉಪಕರಣ ತರಿಸದವರೂ ತುಂಬಿಕೊಳ್ಳಬಹುದು.

ಅದರ ಮಿತಿಯನ್ನು ಸೇವೆಯವರು ಹೇಳಿದ್ದರೆ ಚೆನ್ನಾಗಿತ್ತು. ತೆಳ್ಳಗಿದ್ದು, ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಂತಿರುವವರಲ್ಲಿ, ಇಲ್ಲವೇ ಟಾನ್ಸಿಲ್‌ಗಳು ದೊಡ್ಡದಾಗಿರುವವರಲ್ಲಿ, ಬಿಎಂಐ ಅಂಕವೂ ಇರುವುದಿಲ್ಲ, ಕತ್ತಿನ ಅಂಕವೂ ಇರುವುದಿಲ್ಲ. ಕಾಯಿಲೆ ಮಾತ್ರ ಇರಬಹುದು. ಹೆಂಗಸರ ವಿಷಯದಲ್ಲಿ ಈ ಕೊರತೆ ಇನ್ನೂ ದೊಡ್ಡದು. ಗಂಡಸರಿಗೆ ತಾನಾಗಿಯೇ ಬರುವ ಒಂದು ಅಂಕ ಅವರಿಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರಲ್ಲಿ ಈ ಕಾಯಿಲೆ ಬೇರೆ ವೇಷದಲ್ಲಿ ಬರುವುದುಂಟು: ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಎದ್ದೊಡನೆ ತಲೆನೋವು, ದಿನವಿಡೀ ಆಯಾಸ, ಯಾವುದರಲ್ಲೂ ಉತ್ಸಾಹವಿಲ್ಲದ ಖಿನ್ನತೆ. ಇಂಥವರು ವೈದ್ಯರ ಬಳಿ ಹೋದಾಗ ನಿದ್ರಾಹೀನತೆ, ರಕ್ತಹೀನತೆ, ಥೈರಾಯ್ಡ್, ಮನಸ್ಸಿನ ಒತ್ತಡ ಎಂದು ವಿಚಾರಣೆ ಸಾಗುತ್ತದೆಯೇ ಹೊರತು, ಮಲಗಿದಾಗ ಉಸಿರು ಹೇಗಿರುತ್ತದೆ ಎಂಬ ಪ್ರಶ್ನೆ ಎಷ್ಟೋ ಸಲ ಬರುವುದೇ ಇಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆಯ ಸಾಧ್ಯತೆ ಏರುತ್ತದೆ. ಆ ವಯಸ್ಸಿನ ದಣಿವನ್ನು ವಯಸ್ಸಿನ ಲೆಕ್ಕಕ್ಕೇ ಬರೆದು ಸುಮ್ಮನಾಗುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಸಾಕ್ಷಿಯ ಮಾತೂ ಇಲ್ಲಿ ಬರುತ್ತದೆ. ನನ್ನ ಪತಿಯ ಉಸಿರನ್ನು ನಾನು ಗಮನಿಸಿದೆ. ಆದರೆ ಎಲ್ಲರಿಗಿಂತ ಮೊದಲೇ ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗುವ ಹೆಂಗಸಿನ ಉಸಿರನ್ನು ಗಮನಿಸಲು ಆ ಹೊತ್ತಿಗೆ ಎಚ್ಚರವಾಗಿರುವವರು ಯಾರು? ಒಂಟಿಯಾಗಿ ಮಲಗುವವರದೂ ಇದೇ ಕಷ್ಟ. ಅಂಥವರಿಗಾಗಿ ಆ ಎರಡನೆಯ ಹಾಳೆಗೆ ಬದಲಾಗಿ ಏನನ್ನಾದರೂ ಸೇವೆಯವರು ರೂಪಿಸಬೇಕಿತ್ತು.

ಎರಡನೆಯದು ಎಪ್ವರ್ತ್ ಮಾಪಕ. ಮೆಲ್ಬರ್ನ್‌ನ ಎಪ್ವರ್ತ್ ಆಸ್ಪತ್ರೆಯಲ್ಲಿದ್ದ ಡಾ. ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಓದುತ್ತ ಕೂತಾಗ, ಟಿವಿ ನೋಡುವಾಗ, ಸಭೆಯಂಥ ಜಾಗದಲ್ಲಿ ಸುಮ್ಮನೆ ಕೂತಾಗ, ಕಾರಿನಲ್ಲಿ ಒಂದು ಗಂಟೆ ಪ್ರಯಾಣಿಕರಾಗಿ ಹೋಗುವಾಗ, ಮಧ್ಯಾಹ್ನ ಒರಗಿದಾಗ, ಯಾರೊಡನೆಯಾದರೂ ಕೂತು ಮಾತನಾಡುವಾಗ, ಊಟದ ನಂತರ ಸುಮ್ಮನೆ ಕೂತಾಗ, ದಟ್ಟಣೆಯಲ್ಲಿ ವಾಹನ ಕೆಲ ನಿಮಿಷ ನಿಂತಾಗ ತೂಕಡಿಕೆ ಬರುವ ಸಾಧ್ಯತೆ ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿಕೊಳ್ಳಬೇಕು. ಒಟ್ಟು 24ರಲ್ಲಿ 10ಕ್ಕಿಂತ ಹೆಚ್ಚು ಬಂದರೆ ಹಗಲಿನ ತೂಕಡಿಕೆ ಮಿತಿಮೀರಿದೆ ಎಂದರ್ಥ. ಈ ಮಾಪಕದಲ್ಲಿ ನನಗೆ ಹಿಡಿಸಿದ ಸಂಗತಿಯೆಂದರೆ, ಅದು ದಣಿವನ್ನು ಕೇಳುವುದಿಲ್ಲ, ಕಣ್ಣು ಮುಚ್ಚಿಹೋಗುವುದನ್ನು ಕೇಳುತ್ತದೆ. ಎರಡೂ ಬೇರೆ. ದಣಿದವರು ಕೂತು ಸುಧಾರಿಸಿಕೊಳ್ಳುತ್ತಾರೆ. ತೂಕಡಿಸುವವರಿಗೆ ಕೂತೊಡನೆ ಜೋಂಪು ಹತ್ತುತ್ತದೆ.

ಆದರೆ ವರ್ಷಗಳಿಂದ ಹೀಗೇ ಬದುಕಿದವರಿಗೆ ತಮ್ಮ ತೂಕಡಿಕೆ ಸಹಜವೆನಿಸಿಬಿಟ್ಟಿರುತ್ತದೆ. ಊಟವಾದ ಮೇಲೆ ಯಾರಿಗೆ ಕಣ್ಣೆಳೆಯುವುದಿಲ್ಲ ಎಂದು ಅವರು ಕೇಳುತ್ತಾರೆ, ಸೊನ್ನೆ ಅಥವಾ ಒಂದು ಎಂದು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಪತಿ ತುಂಬಿದ ಹಾಳೆಯೂ ಅವರ ಬಗ್ಗೆ ನಾನು ತುಂಬಿದ ಹಾಳೆಯೂ ಬೇರೆ ಬೇರೆ ಮಟ್ಟದಲ್ಲಿ ನಿಂತವು. ಸುಳ್ಳು ಬರೆಯುವ ಸ್ವಭಾವ ಅವರದಲ್ಲ. ತಮ್ಮ ಸ್ಥಿತಿ ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೆ. ಆದ್ದರಿಂದ ಈ ಮಾಪಕವನ್ನು ಇಬ್ಬರೂ ಪ್ರತ್ಯೇಕವಾಗಿ ತುಂಬಿ, ಎರಡನ್ನೂ ವೈದ್ಯರ ಮುಂದಿಡಬೇಕೆಂದು ನಾನು ಸಲಹೆ ಕೊಡುತ್ತೇನೆ. ಅಂಕ ಕಡಿಮೆ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಅಲ್ಲ. ಉಸಿರು ಪದೇಪದೇ ಕಟ್ಟುತ್ತಿದ್ದರೂ ಹಗಲಿನಲ್ಲಿ ತೂಕಡಿಸದವರು ಬೇಕಾದಷ್ಟು ಜನರಿದ್ದಾರೆ.

ಪ್ರಶ್ನಾವಳಿಯಲ್ಲಿ ಇರಲೇಬೇಕಿದ್ದು, ಇಲ್ಲದೇ ಹೋದ ಕೆಲವು ಲಕ್ಷಣಗಳಿವೆ. ರಾತ್ರಿ ಮತ್ತೆಮತ್ತೆ ಮೂತ್ರಕ್ಕೆ ಏಳುವುದು ಅವುಗಳಲ್ಲಿ ಮೊದಲನೆಯದು. ಇದನ್ನು ಗಂಡಸರು ಪ್ರಾಸ್ಟೇಟ್ ತೊಂದರೆಯೆಂದೂ ಸಕ್ಕರೆ ಕಾಯಿಲೆಯೆಂದೂ ಭಾವಿಸುತ್ತಾರೆ, ಹಾಗಿರಲೂಬಹುದು. ಆದರೆ ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯುವಾಗ ಎದೆಗೂಡಿನೊಳಗಿನ ಒತ್ತಡ ಕುಸಿದು, ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂಬಂತೆ ಅವು ಹಾರ್ಮೋನೊಂದನ್ನು ಬಿಡುಗಡೆ ಮಾಡುತ್ತವೆ, ಮೂತ್ರಪಿಂಡಗಳು ಅದರ ಮಾತು ಕೇಳಿ ಹೆಚ್ಚು ಮೂತ್ರ ಹೊರಹಾಕುತ್ತವೆ. ಗಂಟಲಿನ ಕಾಯಿಲೆ ಮೂತ್ರಕೋಶದಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಎರಡನೆಯದು, ಎದ್ದಾಗ ಬಾಯಿ ಒಣಗಿರುವುದು ಮತ್ತು ತಲೆ ಭಾರವಾಗಿ ನೋಯುವುದು. ಮೂರನೆಯದು ರಕ್ತದೊತ್ತಡದ ವಿವರ. ರಕ್ತದೊತ್ತಡ ಇದೆಯೇ ಎಂದು ಹಾಳೆ ಕೇಳುತ್ತದೆ, ಔಷಧಿಗೆ ಬಗ್ಗುತ್ತಿದೆಯೇ ಎಂದು ಕೇಳುವುದಿಲ್ಲ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತು ರಕ್ತದೊತ್ತಡ ಇಳಿಯುತ್ತದೆ. ಉಸಿರು ಪದೇಪದೇ ಕಟ್ಟುವವರಲ್ಲಿ ಅದು ಇಳಿಯದೆ ನಿಲ್ಲಬಹುದು. ಮೂರು ಬಗೆಯ ಮಾತ್ರೆ ನುಂಗುತ್ತಿದ್ದರೂ ರಕ್ತದೊತ್ತಡ ಹತೋಟಿಗೆ ಬಾರದಿದ್ದರೆ ನಿದ್ದೆಯ ಉಸಿರನ್ನು ವಿಚಾರಿಸಲೇಬೇಕು. ಹೃದಯಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲೂ ಹಾಗೆಯೇ. ಮರೆವು, ಗಮನ ನಿಲ್ಲದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಲೈಂಗಿಕ ಆಸಕ್ತಿ ಕುಗ್ಗುವುದು, ಇವೂ ಪಟ್ಟಿಯಲ್ಲಿರಬೇಕಿತ್ತು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಬೇರೆ ಕಾರಣ ಸಿಗುತ್ತದೆ, ಒಟ್ಟಿಗೆ ಕಂಡಾಗಲೇ ಅನುಮಾನ ಗಟ್ಟಿಯಾಗುವುದು.

ಮಕ್ಕಳಿಗೆ ಈ ಸೇವೆ ಇಲ್ಲವೆಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಅದು ಸರಿ. ಮಕ್ಕಳಲ್ಲಿ ಗಂಟೆಗೆ ಒಂದು ಸಲ ಉಸಿರು ಕಟ್ಟುವುದನ್ನೂ ಅಸಹಜವೆಂದೇ ಪರಿಗಣಿಸುತ್ತಾರೆ, ಲಕ್ಷಣಗಳೂ ಬೇರೆ. ಬಾಯಿಂದ ಉಸಿರಾಡುವುದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ಹಾಸಿಗೆಯಲ್ಲಿ ಹೊರಳಾಡುವುದು, ಬೆವರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುವುದು. ತೂಕಡಿಸುವ ಬದಲು ಮಗು ಒಂದೆಡೆ ಕೂರದೆ ಚಡಪಡಿಸಬಹುದು, ಶಾಲೆಯಲ್ಲಿ ಹಟಮಾರಿ ಎನಿಸಿಕೊಳ್ಳಬಹುದು. ಬಹಳ ಸಲ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಮೆದು ಭಾಗ ದೊಡ್ಡದಾಗಿರುವುದೇ ಇದಕ್ಕೆ ಕಾರಣ. ಅಂಥ ಮಗುವನ್ನು ನೇರವಾಗಿ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು.

ಇನ್ನು ಉಪಕರಣ. ಮೂಗಿನ ಹೊಳ್ಳೆಗಳ ಬಳಿ ನಿಲ್ಲುವ ಮೆದು ನಳಿಕೆ ಉಸಿರಿನ ಹರಿವನ್ನು ಅಳೆಯುತ್ತದೆ, ಎದೆ ಮತ್ತು ಹೊಟ್ಟೆಗೆ ಸುತ್ತುವ ಪಟ್ಟಿಗಳು ಉಸಿರೆಳೆಯುವ ಪ್ರಯತ್ನವನ್ನು ಗುರುತಿಸುತ್ತವೆ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಆಮ್ಲಜನಕವನ್ನೂ ನಾಡಿಯನ್ನೂ ದಾಖಲಿಸುತ್ತದೆ, ಒಳಗಿರುವ ಸಂವೇದಕ ಮಲಗಿದ ಭಂಗಿಯನ್ನು ಬರೆದುಕೊಳ್ಳುತ್ತದೆ. ಪಟ್ಟಿಗಳ ಪಾತ್ರ ಸಣ್ಣದಲ್ಲ. ಗಾಳಿ ನಿಂತಿದ್ದರೂ ಎದೆ ಹೊಟ್ಟೆ ಅಲುಗಾಡುತ್ತಿದ್ದರೆ ಗಂಟಲು ಮುಚ್ಚಿದೆ ಎಂದರ್ಥ. ಅವೂ ಸುಮ್ಮನಿದ್ದರೆ ಮಿದುಳಿನಿಂದಲೇ ಉಸಿರಾಡುವ ಆಜ್ಞೆ ಬರುತ್ತಿಲ್ಲ ಎಂದರ್ಥ. ಆ ಎರಡನೆಯದು ಸೆಂಟ್ರಲ್ ಅಪ್ನಿಯಾ ಎಂಬ ಬೇರೆಯೇ ಕಾಯಿಲೆ, ಅದರ ಚಿಕಿತ್ಸೆಯೂ ಬೇರೆ. ಪಟ್ಟಿಗಳಿಲ್ಲದೆ ಬೆರಳು ಅಥವಾ ಮಣಿಕಟ್ಟಿನಿಂದಲೇ ಅಂದಾಜು ಮಾಡುವ ಉಪಕರಣಗಳೂ ಇವೆ. ತರಿಸಿಕೊಳ್ಳುವಾಗ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಧರಿಸುವುದಕ್ಕೆ ಇದು ಕಷ್ಟವಲ್ಲ. ಸೂಚನೆಗಳ ಚಿತ್ರಗಳು ದೊಡ್ಡದಾಗಿವೆ, ಪಟ್ಟಿಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟಿರುವುದರಿಂದ ಎದೆಯದು ಯಾವುದು, ಹೊಟ್ಟೆಯದು ಯಾವುದು ಎಂಬ ಗೊಂದಲವಾಗುವುದಿಲ್ಲ. ಬೆರಳಿಗೆ ಉಗುರುಬಣ್ಣ ಹಚ್ಚಿರಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಬಣ್ಣ ಬೆಳಕನ್ನು ತಡೆದು ಅಳತೆಯನ್ನು ಕೆಡಿಸುತ್ತದೆ. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಬೆರಳಿನ ಆಕ್ಸಿಮೀಟರ್‌ಗಳು ಆಮ್ಲಜನಕವನ್ನು ನಿಜಕ್ಕಿಂತ ತುಸು ಹೆಚ್ಚಾಗಿ ತೋರಿಸುವುದುಂಟು ಎಂಬ ಮಾತು ಮಾತ್ರ ಎಲ್ಲೂ ಇಲ್ಲ, ಇರಬೇಕಿತ್ತು. ನಿದ್ದೆಯಲ್ಲಿ ಹೊರಳುವಾಗ ಮೂಗಿನ ನಳಿಕೆ ಜಾರಿಬೀಳುವುದು ಈ ಪರೀಕ್ಷೆಯ ಸಾಮಾನ್ಯ ತೊಂದರೆ. ಕೆನ್ನೆಯ ಮೇಲೆ ಅಂಟುಪಟ್ಟಿಯಿಂದ ಅದನ್ನು ಹಿಡಿದಿಡಬೇಕು. ಅಂಟುಪಟ್ಟಿಯನ್ನು ಅವರು ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಕನಿಷ್ಠ ನಾಲ್ಕು ಗಂಟೆಯ ಚೊಕ್ಕ ದಾಖಲೆ ಸಿಗದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗುತ್ತದೆ.

ಫೋನಿನಲ್ಲಿ ಗೊರಕೆಯನ್ನು ಧ್ವನಿಮುದ್ರಿಸುವ ಆ್ಯಪ್‌ಗಳಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆ್ಯಪ್ ಸದ್ದನ್ನು ಮಾತ್ರ ಕೇಳುತ್ತದೆ. ಒಂಟಿಯಾಗಿ ಮಲಗುವವರಿಗೆ ಅದು ಒಳ್ಳೆಯ ಆರಂಭ, ನಿಶ್ಶಬ್ದವೂ ನಂತರದ ಏದುಸಿರೂ ಅದರಲ್ಲಿ ಸಿಕ್ಕರೆ ವೈದ್ಯರಿಗೆ ಕೇಳಿಸಬಹುದು. ಆದರೆ ಆಮ್ಲಜನಕ ಎಷ್ಟು ಇಳಿಯಿತೆಂದು ಅದಕ್ಕೆ ತಿಳಿಯದು. ಕೈಗಡಿಯಾರಗಳು ಒಂದು ಹೆಜ್ಜೆ ಮುಂದಿವೆ. ಸ್ಯಾಮ್‌ಸಂಗ್ ಮತ್ತು ಆಪಲ್ ಕಂಪನಿಗಳ ಗಡಿಯಾರಗಳು ನಿದ್ದೆಯಲ್ಲಿ ಉಸಿರು ಕಟ್ಟುವ ಅನುಮಾನ ಬಂದಾಗ ಕೊಡುವ ಸೂಚನೆಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅವು ಹುಡುಕುವುದು ಮಧ್ಯಮದಿಂದ ತೀವ್ರ ಮಟ್ಟದ ಲಕ್ಷಣಗಳನ್ನು. ಗಡಿಯಾರ ಎಚ್ಚರಿಸಿದರೆ ಪರೀಕ್ಷೆಗೆ ಹೋಗಬೇಕು, ಎಚ್ಚರಿಸದಿದ್ದರೆ ಏನೂ ಇಲ್ಲವೆಂದು ತಿಳಿಯಬಾರದು.

ಈಗ ವರದಿಗೆ ಬರುತ್ತೇನೆ. ನನ್ನ ಅಸಮಾಧಾನವೆಲ್ಲ ಇಲ್ಲಿದೆ. ವರದಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಒಂದು ಅಂಕಿ, ಅದರ ಕೆಳಗೆ "ಸೌಮ್ಯ" ಎಂಬ ಪದ. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಈ ಸೂಚ್ಯಂಕ ದೊಡ್ಡವರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮುಟ್ಟಿದರೆ ತೀವ್ರ. ಇಷ್ಟನ್ನು ವರದಿ ವಿವರಿಸುತ್ತದೆ. ಆ ಅಂಕಿ ಹೇಗೆ ಬಂತು ಎಂಬುದನ್ನು ವಿವರಿಸುವುದಿಲ್ಲ. ಆಸ್ಪತ್ರೆಯ ಪಾಲಿಸೋಮ್ನೋಗ್ರಫಿಯಲ್ಲಿ ತಲೆಗೆ ಅಂಟಿಸಿದ ತಂತಿಗಳು ಮಿದುಳಿನ ವಿದ್ಯುತ್ತನ್ನು ದಾಖಲಿಸುವುದರಿಂದ ನಿದ್ದೆ ಎಷ್ಟು ಹೊತ್ತು ಬಂದಿತ್ತೆಂದು ಗೊತ್ತಾಗುತ್ತದೆ. ನಾವು ಬಳಸಿದಂಥ ಉಪಕರಣದಲ್ಲಿ ಅದಿಲ್ಲ. ಆದ್ದರಿಂದ ಅದು ಒಟ್ಟು ಘಟನೆಗಳನ್ನು ನಿದ್ದೆಯ ಗಂಟೆಗಳಿಂದ ಭಾಗಿಸದೆ ದಾಖಲೆಯ ಗಂಟೆಗಳಿಂದ ಭಾಗಿಸುತ್ತದೆ. ಉದಾಹರಣೆಗೆ ಎಂಟು ಗಂಟೆಯ ದಾಖಲೆಯಲ್ಲಿ 104 ಸಲ ಉಸಿರು ತೊಡರಿದ್ದರೆ ಸೂಚ್ಯಂಕ 13, ಅಂದರೆ ಸೌಮ್ಯ. ಆದರೆ ಆ ಮನುಷ್ಯ ನಿಜವಾಗಿ ಮಲಗಿದ್ದು ಆರೂವರೆ ಗಂಟೆಯೆಂದಾದರೆ ಅದೇ 104 ಸಲಕ್ಕೆ ಸೂಚ್ಯಂಕ 16, ಅಂದರೆ ಮಧ್ಯಮ. ಕಾಯಿಲೆ ಬದಲಾಗಲಿಲ್ಲ, ಭಾಜಕ ಬದಲಾಯಿತು. ಇದಲ್ಲದೆ, ಆಮ್ಲಜನಕ ಇಳಿಯುವ ಮೊದಲೇ ಮಿದುಳು ಎಚ್ಚರಗೊಂಡ ಘಟನೆಗಳು ಈ ಉಪಕರಣದ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಾರಣಗಳಿಂದ ಮನೆಯ ಪರೀಕ್ಷೆ ಕಾಯಿಲೆಯನ್ನು ಇದ್ದುದಕ್ಕಿಂತ ಹಗುರವಾಗಿ ತೋರಿಸುವುದೇ ಹೆಚ್ಚು. ಒಂದು ಸಾಲಿನಲ್ಲಿ ಹೇಳಬಹುದಾಗಿದ್ದ ಈ ಮಾತನ್ನು ವರದಿಯ ಮೊದಲ ಪುಟದಲ್ಲೇ ಮುದ್ರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಒಳಪುಟಗಳಲ್ಲಿ ಒಳ್ಳೆಯ ಮಾಹಿತಿಯಿದೆ, ಆದರೆ ಅದನ್ನು ಓದುವ ಬಗೆಯನ್ನು ಹೇಳಿಕೊಟ್ಟಿಲ್ಲ. ಅಂಗಾತ ಮಲಗಿದಾಗಿನ ಸೂಚ್ಯಂಕವೂ ಮಗ್ಗುಲಾದಾಗಿನ ಸೂಚ್ಯಂಕವೂ ಬೇರೆ ಬೇರೆ ಕೊಟ್ಟಿದ್ದಾರೆ. ನನ್ನ ಪತಿ ಆ ರಾತ್ರಿ ಬಹುಪಾಲು ಮಗ್ಗುಲಾಗಿಯೇ ಮಲಗಿದ್ದರು. ಅಂಗಾತ ಇದ್ದ ಸ್ವಲ್ಪ ಹೊತ್ತಿನಲ್ಲೇ ಹೆಚ್ಚಿನ ತೊಡರುಗಳು ಸೇರಿಕೊಂಡಿದ್ದವು. ಸರಾಸರಿ ಇದನ್ನು ಮುಚ್ಚಿಹಾಕಿತ್ತು. ಆಮ್ಲಜನಕ 90 ಶೇಕಡಾಕ್ಕಿಂತ ಕೆಳಗೆ ಎಷ್ಟು ನಿಮಿಷ ಇತ್ತು ಎಂಬ ಸಾಲು ನನ್ನ ದೃಷ್ಟಿಯಲ್ಲಿ ಸೂಚ್ಯಂಕದಷ್ಟೇ ತೂಕದ್ದು; ಅದನ್ನು ಕೊನೆಯ ಪುಟದ ಕೋಷ್ಟಕದಲ್ಲಿ ಇರಿಸಿದ್ದರು. ಎಣಿಕೆ ಯಂತ್ರ ಮಾಡಿದ್ದೇ, ತಜ್ಞರು ದಾಖಲೆಯನ್ನು ಕಣ್ಣಾರೆ ನೋಡಿ ತಿದ್ದಿದ್ದೇ ಎಂಬುದು ವರದಿಯಲ್ಲಿ ಇರಲಿಲ್ಲ, ಕೇಳಿದ ಮೇಲಷ್ಟೇ ತಿಳಿಯಿತು. ಪತಿಯ ವೈದ್ಯರು ಈ ಒಳಪುಟಗಳನ್ನೂ ನಾನು ತುಂಬಿದ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಸೌಮ್ಯ" ಎಂಬ ಪದಕ್ಕೆ ನಿಲ್ಲದೆ ಪ್ರಯೋಗಾಲಯದ ಪರೀಕ್ಷೆಗೆ ಬರೆದುಕೊಟ್ಟರು. ಅಲ್ಲಿ ಮಟ್ಟ ಮಧ್ಯಮವೆಂದು ತಿಳಿಯಿತು.

ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಾತೂ ಇದಕ್ಕೆ ಹತ್ತಿರದ್ದು. ಲಕ್ಷಣಗಳಿದ್ದು ಮನೆಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ, ಅಥವಾ ದಾಖಲೆ ಅಪೂರ್ಣವಾಗಿದ್ದರೆ, ಪಾಲಿಸೋಮ್ನೋಗ್ರಫಿ ಮಾಡಿಸಬೇಕು. ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ, ಸ್ನಾಯುಗಳ ದೌರ್ಬಲ್ಯದ ಕಾಯಿಲೆ, ಪಾರ್ಶ್ವವಾಯು ಆಗಿದ್ದವರು, ದೀರ್ಘಕಾಲ ಒಪಿಯಾಯ್ಡ್ ನೋವುನಿವಾರಕ ಸೇವಿಸುವವರು, ತೀವ್ರ ನಿದ್ರಾಹೀನತೆ ಇರುವವರು ಮನೆಯ ಪರೀಕ್ಷೆಯನ್ನು ನೆಚ್ಚದೆ ಮೊದಲೇ ಪ್ರಯೋಗಾಲಯಕ್ಕೆ ಹೋಗಬೇಕು. ನಾವು ಬಳಸಿದ ಸೇವೆ ಇವುಗಳಲ್ಲಿ ಹೃದಯದ ಕಾಯಿಲೆಯನ್ನಷ್ಟೇ ಕೇಳಿತು. ಉಳಿದವನ್ನು ಕೇಳದೆ ಉಪಕರಣ ಕಳುಹಿಸುವುದು ಸರಿಯಲ್ಲ.

ವರದಿಯ ಜೊತೆಗೇ ಸಿಪ್ಯಾಪ್ ಯಂತ್ರಗಳ ಬೆಲೆಪಟ್ಟಿ ಬಂದದ್ದೂ ನನಗೆ ಹಿಡಿಸಲಿಲ್ಲ. ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ವಿವರಿಸಿದ, ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಈ ಚಿಕಿತ್ಸೆ ಇಂದಿಗೂ ಮುಖ್ಯವಾದದ್ದು. ಆದರೆ ಕೆಲವರಿಗೆ ತೂಕ ಇಳಿಸುವುದು, ಕೆಲವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸ, ಕೆಲವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯ ಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ ಒಗ್ಗುತ್ತದೆ. ಯಾವುದು ಯಾರಿಗೆ ಎಂಬುದು ವೈದ್ಯರೊಡನೆ ಕೂತು ನಿರ್ಧರಿಸುವ ಮಾತು. ಪರೀಕ್ಷೆ ಮಾಡುವವರೇ ಯಂತ್ರವನ್ನೂ ಮಾರುವಾಗ ಆ ಮಾತುಕತೆಗೆ ಜಾಗ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಕೊರತೆಗಳನ್ನು ಬರೆದ ಮೇಲೂ ಈ ಬಗೆಯ ಪರೀಕ್ಷೆಯನ್ನು ನಾನು ಶಿಫಾರಸು ಮಾಡುತ್ತೇನೆ. ಪ್ರಯೋಗಾಲಯದಲ್ಲಿ ಮಲಗಬೇಕೆಂದರೆ ಎಂದೂ ಹೋಗದಿದ್ದವರು ತಮ್ಮದೇ ಹಾಸಿಗೆಯಲ್ಲಿ ಒಂದು ರಾತ್ರಿ ಉಪಕರಣ ಕಟ್ಟಿಕೊಳ್ಳಲು ಒಪ್ಪುತ್ತಾರೆ. ನನ್ನ ಪತಿ ಒಪ್ಪಿದ್ದೂ ಹಾಗೆಯೇ. ತರಿಸಿಕೊಳ್ಳುವವರು ಮೊದಲು ಲಕ್ಷಣಗಳನ್ನು ಬರೆದಿಟ್ಟುಕೊಳ್ಳಲಿ, ಸಾಧ್ಯವಿದ್ದರೆ ಪಕ್ಕದಲ್ಲಿ ಮಲಗುವವರಿಂದ ಉಸಿರು ನಿಲ್ಲುವುದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಲಿ, ವರದಿಯ ಎಲ್ಲ ಪುಟಗಳನ್ನೂ ವೈದ್ಯರಿಗೆ ತೋರಿಸಲಿ. ಸ್ಟಿಯರಿಂಗ್ ಹಿಡಿದಾಗ ಒಮ್ಮೆಯಾದರೂ ಕಣ್ಣು ಮುಚ್ಚಿಹೋಗಿದ್ದವರು ಮಾತ್ರ ವರದಿಗಾಗಿ ಕಾಯುತ್ತ ಕೂರಬಾರದು. ಅಂದಿನಿಂದಲೇ ವಾಹನ ಓಡಿಸುವುದನ್ನು ನಿಲ್ಲಿಸಿ, ವೈದ್ಯರನ್ನು ಕೂಡಲೇ ಕಾಣಬೇಕು. ಈ ಎಚ್ಚರಿಕೆ ಸೇವೆಯವರ ಯಾವ ಹಾಳೆಯಲ್ಲೂ ಇರಲಿಲ್ಲ. ಸೇರಿಸಬೇಕೆಂದು ಅವರಿಗೆ ಬರೆದಿದ್ದೇನೆ.